ವಿಯೆಟ್ನಾಂ ಬ್ಯಾಕ್‌ಪ್ಯಾಕಿಂಗ್: ಬೈಕ್ ಬಾಡಿಗೆಗೆ ತಗೊಳ್ಳೋ ಮುಂಚೆ ಇದನ್ನ ಕೇಳಿ

ಇತ್ತೀಚೆಗೆ ನನಗೆ ತುಂಬಾ ಜನ ಕೇಳ್ತಿರೋ ಪ್ರಶ್ನೆ ಒಂದೇ: ಫಸ್ಟ್ ಟೈಮ್ ಬ್ಯಾಗ್ ಹಾಕ್ಕೊಂಡು ಫಾರಿನ್‌ಗೆ ಹೊರಟಿದ್ದೀವಿ, ವಿಯೆಟ್ನಾಂ ಓಕೆನಾ? ಖಂಡಿತ ಓಕೆ. ಖರ್ಚು ಕಡಿಮೆ, ಇ-ವೀಸಾ ಇದೆ, ಹಾಸ್ಟೆಲ್‌ಗಳಿಗೆ ಬರವಿಲ್ಲ. ಆದ್ರೆ ಅಲ್ಲಿ ನಾನು ಕಲಿತ ಒಂದು ಪಾಠ ಸ್ವಲ್ಪ ದುಬಾರಿ ಬಿತ್ತು. ಅದರಿಂದಲೇ ಶುರು ಮಾಡ್ತೀನಿ.

ಉತ್ತರ ವಿಯೆಟ್ನಾಂನಲ್ಲಿ, ಚೀನಾ ಗಡಿ ಹತ್ತಿರ, ಹಾ ಜಿಯಾಂಗ್ ಅನ್ನೋ ಬೆಟ್ಟಗುಡ್ಡದ ಸೀಮೆ ಇದೆ. ಅಲ್ಲಿನ ಸುಮಾರು 350 ಕಿಲೋಮೀಟರ್ ಸುತ್ತುದಾರಿಗೆ 'ಹಾ ಜಿಯಾಂಗ್ ಲೂಪ್' ಅಂತಾರೆ. ಚಾರ್ಮಾಡಿ ಘಾಟಿಯಲ್ಲಿ ಬೈಕ್ ಓಡಿಸಿದ ನಮಗೆ ಇದೇನು ಮಹಾ ಅಂದ್ಕೊಂಡು ನಾನೂ ನನ್ನ ಗೆಳೆಯನೂ ಬಾಡಿಗೆ ಬೈಕ್ ತಗೊಂಡ್ವಿ. ಎರಡನೇ ದಿನ ಮಳೆ. ಅಲ್ಲಿ ಗಾಡಿಗಳು ಓಡೋದು ರಸ್ತೆಯ ಬಲಗಡೆ. ನಮ್ಮ ಅಭ್ಯಾಸ ಎಡಗಡೆ. ಒಂದು ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ ಗೆಳೆಯ ಅಭ್ಯಾಸಬಲದಿಂದ ಎಡಕ್ಕೆ ಎಳೆದ, ತಕ್ಷಣ ನೆನಪಾಗಿ ಬ್ರೇಕ್ ಹಿಡಿದ, ಜಾರಿ ಬಿದ್ದ. ಮುಂಗೈ ಮೂಳೆ ಮುರೀತು. ಜೀವಕ್ಕೇನೂ ಆಗಲಿಲ್ಲ, ಅದೇ ಪುಣ್ಯ.

ಆಸ್ಪತ್ರೆ ಬಿಲ್, ಹನೋಯ್‌ವರೆಗೆ ಕಾರು, ಹೊಸ ಟಿಕೆಟ್, ಎಲ್ಲಾ ನಮ್ಮ ಜೇಬಿಂದಲೇ. ಊರಿಗೆ ಬಂದು ಟ್ರಾವೆಲ್ ಇನ್ಶೂರೆನ್ಸ್ ಕ್ಲೇಮ್ ಹಾಕಿದ್ರೆ ರಿಜೆಕ್ಟ್ ಆಯ್ತು. ಕಾರಣ ಒಂದೇ ಸಾಲು: ಆ ದೇಶದಲ್ಲಿ ಮಾನ್ಯವಾದ ಲೈಸೆನ್ಸ್ ಇರಲಿಲ್ಲ.

ಅರೆ, ಅವನ ಹತ್ರ ಆರ್‌ಟಿಒ ಕೊಟ್ಟ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇತ್ತಲ್ಲ? ಇತ್ತು. ತಿರುಳು ಇರೋದೇ ಇಲ್ಲಿ. ಭಾರತ ಕೊಡೋ ಪರ್ಮಿಟ್ 1949ರ ಜಿನೀವಾ ಒಪ್ಪಂದದ ಪ್ರಕಾರದ್ದು. ವಿಯೆಟ್ನಾಂ ಒಪ್ಪೋದು 1968ರ ವಿಯೆನ್ನಾ ಒಪ್ಪಂದದ ಪರ್ಮಿಟ್. ಎರಡಕ್ಕೂ ಹೆಸರು ಒಂದೇ ಥರ, ಆದರೆ ಒಂದರ ಬದಲು ಇನ್ನೊಂದು ನಡೆಯಲ್ಲ. ಥೈಲ್ಯಾಂಡ್‌ನಲ್ಲಿ ನಡೆಯುವ ಅದೇ ಪುಸ್ತಕ ವಿಯೆಟ್ನಾಂನಲ್ಲಿ ನಡೆಯಲ್ಲ. ಬಾಡಿಗೆ ಅಂಗಡಿಯವರು ಇದನ್ನೆಲ್ಲ ಕೇಳದೇ ಬೀಗದ ಕೈ ಕೊಡಬಹುದು. ಆದರೆ ಪೊಲೀಸರು ಹಿಡಿದರೆ ದಂಡ ನಿಮಗೆ, ಬಿದ್ದರೆ ಬಿಲ್ಲೂ ನಿಮಗೆ.

ಹಾಗಾದ್ರೆ ಲೂಪ್ ನೋಡೋದೇ ಬೇಡ್ವಾ? ನೋಡಿ, ಆದ್ರೆ ಹಿಂದಿನ ಸೀಟಲ್ಲಿ ಕೂತು. 'ಈಸಿ ರೈಡರ್' ಅಂತ ಸ್ಥಳೀಯರೇ ಬೈಕ್ ಓಡಿಸ್ತಾರೆ. ಜೀಪ್‌ಗಳೂ ಸಿಗ್ತವೆ. ಇನ್ಶೂರೆನ್ಸ್ ತಗೊಳ್ಳುವಾಗ ದ್ವಿಚಕ್ರ ವಾಹನದ ಬಗ್ಗೆ ಏನು ಬರೆದಿದೆ, ಹಿಂದೆ ಕೂತವರಿಗೂ ಕವರ್ ಇದೆಯಾ ಅಂತ ಓದಿ. ನಾವು ಪ್ರೀಮಿಯಂ ಮಾತ್ರ ನೋಡಿದ್ವಿ, ಷರತ್ತು ಓದಲಿಲ್ಲ.

ಇನ್ನು ಕಾಗದಪತ್ರ. ಇ-ವೀಸಾ 90 ದಿನದವರೆಗೂ ಸಿಗುತ್ತೆ. ಸಿಂಗಲ್ ಎಂಟ್ರಿಗೆ ಸರ್ಕಾರಿ ಶುಲ್ಕ 25 ಡಾಲರ್. ಸರ್ಕಾರಿ ಸೈಟ್ ಥರಾನೇ ಕಾಣೋ ಏಜೆಂಟ್ ಸೈಟ್‌ಗಳು ಜಾಸ್ತಿ ಕೀಳ್ತವೆ, ಹುಷಾರು. ನಮ್ಮಲ್ಲಿ ಇನಿಷಿಯಲ್ ಸಮಸ್ಯೆ ಬೇರೆ. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೋ ಊರ ಹೆಸರೋ ಪೂರ್ತಿ ಇದ್ರೆ, ವೀಸಾ ಅರ್ಜಿ ಮತ್ತು ಟಿಕೆಟ್‌ನಲ್ಲೂ ಪೂರ್ತಿ ಹಾಗೇ ಇರಲಿ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಹಾಸ್ಟೆಲ್‌ನವರು ನೋಂದಣಿಗೆ ಅದನ್ನ ಕೇಳ್ತಾರೆ, ಕೊಟ್ಟು ವಾಪಸ್ ಇಸ್ಕೊಳ್ಳಿ. ಯಾವ ಅಂಗಡಿಯಲ್ಲೂ ಅಡವಿಡಬೇಡಿ. ಕಳೆದುಹೋದ್ರೆ ಹನೋಯ್‌ನಲ್ಲಿ ಭಾರತದ ರಾಯಭಾರ ಕಚೇರಿ, ಹೋ ಚಿ ಮಿನ್ ಸಿಟಿಯಲ್ಲಿ ಕಾನ್ಸುಲೇಟ್ ಇದೆ. ಅಲ್ಲಿ ಜೆರಾಕ್ಸ್ ಮತ್ತು ಎರಡು ಫೋಟೋ ಕೈಯಲ್ಲಿದ್ರೆ ಅರ್ಧ ಕೆಲಸ ಮುಗಿದಂಗೆ.

ದುಡ್ಡಿನ ವಿಷಯ. ಒಂದು ರೂಪಾಯಿಗೆ ಸುಮಾರು 300 ಡಾಂಗ್. 20,000ದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಕತ್ತಲಲ್ಲಿ ಟ್ಯಾಕ್ಸಿಗೆ ಕೊಡುವಾಗ ಅದಲುಬದಲಾದ್ರೆ ಸುಮಾರು ಸಾವಿರದ ಆರುನೂರು ರೂಪಾಯಿ ಗೋವಿಂದ. ದೊಡ್ಡ ನೋಟು ಬೇರೆ ಜೇಬಲ್ಲಿಡಿ. ಹೊರಡೋ ಮುಂಚೆ ಸಿಮ್‌ಗೆ ರೋಮಿಂಗ್ ಆನ್ ಮಾಡಿಸಿ, ಇಲ್ಲಾಂದ್ರೆ ಬ್ಯಾಂಕ್ ಒಟಿಪಿ ಬರಲ್ಲ. ಹೋ ಚಿ ಮಿನ್ ಸಿಟಿಯಲ್ಲಿ ಬೈಕ್‌ನಲ್ಲಿ ಬಂದು ಫೋನ್ ಕಿತ್ಕೊಂಡು ಹೋಗೋದುಂಟು. ಮ್ಯಾಪ್ ನೋಡಬೇಕಾದ್ರೆ ರಸ್ತೆ ಅಂಚಿನಿಂದ ಒಳಗೆ ಸರಿದು ನಿಲ್ಲಿ.

ಸಸ್ಯಾಹಾರಿಗಳೇ, ಬೋರ್ಡ್‌ನಲ್ಲಿ 'ಚಾಯ್' ಅಂತ ಕಂಡ್ರೆ ಟೀ ಅಂಗಡಿ ಅಂದ್ಕೋಬೇಡಿ. ವಿಯೆಟ್ನಾಮಿ ಭಾಷೆಯಲ್ಲಿ ಹಾಗಂದ್ರೆ ಸಸ್ಯಾಹಾರ. ಬೇರೆ ಹೋಟೆಲ್‌ನಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತೆ, ಕೇಳಿ ತಿನ್ನಿ.

ಕೊನೆಗೆ ಬ್ಯಾಗ್. 40 ಲೀಟರ್ ಸಾಕು. ಕಡಿಮೆ ದರದ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆಜಿ ಮಿತಿ. ಬೇಗ ಒಣಗುವ ಬಟ್ಟೆ ನಾಲ್ಕು ಜೊತೆ, ಒಂದು ರೇನ್‌ಕೋಟ್, ಒಂದು ಬೆಚ್ಚನೆ ಜಾಕೆಟ್. ಡಿಸೆಂಬರ್‌ನಲ್ಲಿ ದಕ್ಷಿಣದಲ್ಲಿ ಬೆವರ್ತೀರಿ, ಹಾ ಜಿಯಾಂಗ್‌ನಲ್ಲಿ ನಡುಗ್ತೀರಿ. ಹಾಸ್ಟೆಲ್ ಲಾಕರ್‌ಗೆ ಸಣ್ಣ ಬೀಗ. ಡೆಂಗಿ ಇರೋ ದೇಶ, ಸೊಳ್ಳೆ ಕ್ರೀಮ್ ಮರೀಬೇಡಿ. ಓಆರ್‌ಎಸ್, ಪ್ಯಾರಾಸಿಟಮಾಲ್, ಬ್ಯಾಂಡೇಜ್. ದಿನಾ ತಗೊಳ್ಳೋ ಮಾತ್ರೆ ಇದ್ರೆ ಡಾಕ್ಟರ್ ಚೀಟಿ ಸಮೇತ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಕೂರಲ್ಲ, ಅಡಾಪ್ಟರ್ ಬೇಕು. ಪವರ್ ಬ್ಯಾಂಕ್ 20,000 ಎಂಎಎಚ್ ಒಳಗಿರಲಿ, ಕೈಚೀಲದಲ್ಲೇ ಇರಲಿ, ಚೆಕ್-ಇನ್ ಬ್ಯಾಗ್‌ಗೆ ಹಾಕೋ ಹಾಗಿಲ್ಲ. ಇ-ಸಿಗರೇಟ್ ಬೇಡವೇ ಬೇಡ. 2025ರಿಂದ ಅಲ್ಲೂ ನಿಷೇಧ.

ಒಂದು ಚೀಟಿ ಬರೆದು ಫೋನ್ ಕವರ್ ಒಳಗಿಡಿ: ಪೊಲೀಸ್ 113, ಆಂಬುಲೆನ್ಸ್ 115, ಇನ್ಶೂರೆನ್ಸ್ ಪಾಲಿಸಿ ನಂಬರ್, ಮನೆಯ ನಂಬರ್. ಅವತ್ತು ಆ ತಿರುವಿನಲ್ಲಿ, ಮಳೆಯಲ್ಲಿ, ಒದ್ದೆಯಾದ ಫೋನ್ ಆನ್ ಆಗದೇ ಇದ್ದಾಗ, ನನಗೆ ಒಂದು ನಂಬರೂ ನೆನಪಿಗೆ ಬರಲಿಲ್ಲ.

ಗೆಳೆಯನ ಕೈ ಈಗ ಸರಿಯಾಗಿದೆ. ಮುಂದಿನ ವರ್ಷ ಮತ್ತೆ ಹಾ ಜಿಯಾಂಗ್ ಅಂತಿದ್ದಾನೆ. ಈ ಸಲ ಇಬ್ಬರೂ ಹಿಂದಿನ ಸೀಟು. ಮತ್ತೆ ಸಿಗೋಣ, ಹುಷಾರಾಗಿ ಹೋಗಿ ಬನ್ನಿ.