ಬಿರುಗಾಳಿಯಲ್ಲಿ ಇಮ್ಮಾನುಯೇಲ್: ವಿಪತ್ತಿನ ಕಥೆಯನ್ನು ಮಕ್ಕಳಿಗೆ ಹೇಳುವುದು ಹೇಗೆ?



ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನೋತ್ಸವ. ಕರಾವಳಿಯ ಧರ್ಮಕೇಂದ್ರಗಳಲ್ಲಿ ಒಂಬತ್ತು ದಿನಗಳ ನೊವೆನಾ ಮುಗಿದು, ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಬಾಲಮರಿಯಮ್ಮನವರಿಗೆ ಅರ್ಪಿಸುವ ದಿನ. ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ಕೊಂಡೊಯ್ದು ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ದಿನ. ಬೆಂಗಳೂರಿನ ಶಿವಾಜಿನಗರದಲ್ಲಿ ಅಮ್ಮನ ತೇರಿನ ದಿನ. ಒಟ್ಟಿನಲ್ಲಿ ಅದು ಸಂತೋಷದ ಹಬ್ಬ, ಮಕ್ಕಳ ಹಬ್ಬ.

ಇದೇ ದಿನ, 1900ನೇ ಇಸವಿಯ ಸೆಪ್ಟೆಂಬರ್ 8ರ ಶನಿವಾರ, ಅಮೆರಿಕದ ಟೆಕ್ಸಾಸ್ ರಾಜ್ಯದ ಗಾಲ್ವೆಸ್ಟನ್ ಎಂಬ ದ್ವೀಪನಗರದಲ್ಲಿ 90 ಅನಾಥ ಮಕ್ಕಳೂ 10 ಮಂದಿ ಧರ್ಮಭಗಿನಿಯರೂ ಸಮುದ್ರದ ಪಾಲಾದರು. ಅಲೆಗಳ ರಾಣಿಯಾದ ಮಾತೆ ಮರಿಯಮ್ಮನವರನ್ನು ಸ್ತುತಿಸುವ ಹಾಡನ್ನು ಅವರು ಆ ದಿನ ಹಾಡಿದ್ದರು. ಈ ಘಟನೆಯನ್ನು ಮಕ್ಕಳಿಗೆ ಕಥೆಯಾಗಿ ಹೇಳಿದರೆ ಮೊದಲು ಬರುವ ಪ್ರಶ್ನೆ ಒಂದೇ: "ಅಮ್ಮನ ಹುಟ್ಟುಹಬ್ಬದ ದಿನವೇ ಅಮ್ಮನ ಹಾಡು ಹಾಡಿದರಲ್ಲಾ, ಅಮ್ಮ ಯಾಕೆ ಕಾಪಾಡಲಿಲ್ಲ?"

ಈ ಪ್ರಶ್ನೆಗೆ ಹೆದರಿ ಇಂಥ ಕಥೆಗಳನ್ನು ಹೇಳದೆ ಬಿಡಬೇಕೇ? ಹೇಳುವುದಾದರೆ ಹೇಗೆ ಹೇಳಬೇಕು? ಮಕ್ಕಳಿಗಾಗಿ ಐತಿಹಾಸಿಕ ಕಥೆ ಬರೆಯುವವರೂ ಧರ್ಮೋಪದೇಶ ತರಗತಿಯಲ್ಲಿ ಅವನ್ನು ಹೇಳುವವರೂ ಎದುರಿಸಲೇಬೇಕಾದ ಈ ವಿಷಯವನ್ನು ಸ್ವಲ್ಪ ವಿಚಾರ ಮಾಡೋಣ.

ಅಂದು ನಡೆದದ್ದೇನು?

1866ರಲ್ಲಿ ಗಾಲ್ವೆಸ್ಟನ್ನಿನ ಧರ್ಮಾಧ್ಯಕ್ಷರಾಗಿದ್ದ ಕ್ಲೋಡ್ ಮರಿ ದುಬುವಾ ಅವರ ಕರೆಗೆ ಓಗೊಟ್ಟು ಫ್ರಾನ್ಸಿನ ಲಿಯಾನ್ ನಗರದಿಂದ ಮೂವರು ಭಗಿನಿಯರು ಅಲ್ಲಿಗೆ ಬಂದರು. ಅವರಿಂದ ಆರಂಭವಾದದ್ದೇ ಮನುಷ್ಯರಾದ ದಿವ್ಯವಾಣಿಯ ಹೆಸರಿನ ಪ್ರೀತಿಸೇವಾ ಭಗಿನಿಯರ ಸಭೆ. ಅವರು ಆಸ್ಪತ್ರೆ ತೆರೆದರು. ಹಳದಿ ಜ್ವರದಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳನ್ನು ಸಾಕತೊಡಗಿದರು. ನಗರದ ಜ್ವರಬಾಧೆ ಮಕ್ಕಳಿಗೆ ತಗುಲದಿರಲಿ ಎಂದು 1874ರಲ್ಲಿ ಅನಾಥಾಲಯವನ್ನು ಊರಿನಿಂದ ದೂರ, ಕಡಲತೀರಕ್ಕೆ ಕೊಂಡೊಯ್ದರು. ಸಮುದ್ರಕ್ಕೂ ಮನೆಗೂ ನಡುವೆ ಇದ್ದದ್ದು ಎತ್ತರದ ಮರಳು ದಿಣ್ಣೆಗಳ ಸಾಲು ಮಾತ್ರ.

1900ರಲ್ಲಿ ಅಲ್ಲಿ 93 ಮಕ್ಕಳಿದ್ದರು. ಶನಿವಾರ ಬೆಳಿಗ್ಗೆ ಸಿಸ್ಟರ್ ಎಲಿಜಬೆತ್ ರಯಾನ್ ಎಂಬವರು ಆಹಾರ ಸಾಮಗ್ರಿ ತರಲು ಕುದುರೆಗಾಡಿಯಲ್ಲಿ ನಗರದ ಆಸ್ಪತ್ರೆಗೆ ಬಂದಿದ್ದರು. ಗಾಳಿ ಬಲವಾಗುತ್ತಿತ್ತು. ಬಿರುಗಾಳಿ ಇಳಿಯುವವರೆಗೆ ಇಲ್ಲೇ ಇರಿ ಎಂದು ಅಲ್ಲಿನ ಹಿರಿಯ ಭಗಿನಿ ಬೇಡಿಕೊಂಡರು. ಸಾಮಾನು ಗಾಡಿಯಲ್ಲಿದೆ, ನಾನು ಹೋಗದಿದ್ದರೆ ಮಕ್ಕಳಿಗೆ ರಾತ್ರಿ ಊಟವಿಲ್ಲ ಎಂದು ಹೇಳಿ ಅವರು ಹಿಂದಿರುಗಿದರು.

ಮಧ್ಯಾಹ್ನದ ಹೊತ್ತಿಗೆ ಅಲೆಗಳು ಮರಳು ದಿಣ್ಣೆಗಳನ್ನು ಕರಗಿಸಿಬಿಟ್ಟವು. ನೀರು ಕಟ್ಟಡಕ್ಕೆ ಬಂತು. ಭಗಿನಿಯರು ಮಕ್ಕಳನ್ನೆಲ್ಲ ಪ್ರಾರ್ಥನಾಲಯದಲ್ಲಿ ಕೂಡಿಸಿದರು. ಅವರ ಭಯ ಕಡಿಮೆಯಾಗಲೆಂದು ಹಾಡಿಸಿದರು. ನೀರು ಏರಿದಾಗ ಹೊಸದಾಗಿಯೂ ಗಟ್ಟಿಯಾಗಿಯೂ ಇದ್ದ ಹುಡುಗಿಯರ ಕಟ್ಟಡದ ಮೇಲಂತಸ್ತಿಗೆ ಎಲ್ಲರನ್ನೂ ಕರೆದೊಯ್ದು ಪುನಃ ಹಾಡಿಸಿದರು. ಹುಡುಗರ ಕಟ್ಟಡ ಅವರ ಕಣ್ಣೆದುರಿಗೇ ಕುಸಿಯಿತು. ಆಗ ಬಟ್ಟೆ ಒಣಗಿಸುವ ಹಗ್ಗಗಳನ್ನು ತರಿಸಿ, ತುಂಡು ಮಾಡಿ, ಒಬ್ಬೊಬ್ಬ ಭಗಿನಿಯೂ ಆರರಿಂದ ಎಂಟು ಮಕ್ಕಳನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡರು. ರಾತ್ರಿ ಆ ಕಟ್ಟಡವೂ ನಿಲ್ಲಲಿಲ್ಲ. ಸ್ವಲ್ಪ ದೊಡ್ಡವರಾದ ಮೂವರು ಹುಡುಗರು ಮಾತ್ರ ನೀರಿನಲ್ಲಿದ್ದ ಮರವೊಂದನ್ನು ಹಿಡಿದುಕೊಂಡು ಬದುಕಿದರು. ಭಗಿನಿಯರ ದೇಹಗಳು ಮಕ್ಕಳ ಸಮೇತ, ಹಗ್ಗ ಬಿಚ್ಚದೆ, ಸಿಕ್ಕವು. ಒಬ್ಬ ಭಗಿನಿಯ ತೋಳುಗಳಲ್ಲಿ ಇಬ್ಬರು ಪುಟ್ಟ ಮಕ್ಕಳಿದ್ದರು. ಸಿಕ್ಕ ಸ್ಥಳದಲ್ಲೇ ಅವರನ್ನು ಮಣ್ಣು ಮಾಡಲಾಯಿತು.

ಸುಮಾರು 38,000 ಜನರಿದ್ದ ಆ ನಗರದಲ್ಲೂ ಸುತ್ತಲೂ ಸತ್ತವರು ಕನಿಷ್ಠ 6,000. 8,000 ಅಥವಾ ಅದಕ್ಕಿಂತಲೂ ಹೆಚ್ಚೆಂದು ಅನೇಕರ ಅಂದಾಜು.

ಇತಿಹಾಸ ಎಷ್ಟು, ಕಲ್ಪನೆ ಎಷ್ಟು?

ಕಥೆಯ ಮೂಲಕ ವಿಶ್ವಾಸದ ಇತಿಹಾಸವನ್ನು ಹೇಳುವುದು ಧರ್ಮಸಭೆಗೆ ಹೊಸದಲ್ಲ. 1854ರಲ್ಲಿ ಕಾರ್ಡಿನಲ್ ವೈಸ್‌ಮನ್ ಅವರು 'ಫಾಬಿಯೋಲಾ' ಎಂಬ ಕಾದಂಬರಿ ಬರೆದರು. ರೋಮಿನ ಹಿಂಸೆಯ ಕಾಲದ ಆ ಕಥೆಯಲ್ಲಿ ಸಂತ ಆಗ್ನೇಸ್, ಸಂತ ಸೆಬಾಸ್ಟಿಯನ್ ಮೊದಲಾದ ನಿಜವಾದ ರಕ್ತಸಾಕ್ಷಿಗಳೂ ಲೇಖಕರು ಕಲ್ಪಿಸಿದ ಪಾತ್ರಗಳೂ ಜೊತೆಜೊತೆಯಾಗಿ ಬರುತ್ತಾರೆ. ಓದುವ ಮಗು ಕಲ್ಪಿತ ಪಾತ್ರದ ಕೈ ಹಿಡಿದು ನಿಜವಾದ ಸಂತರ ಮನೆಯೊಳಗೆ ಹೋಗುತ್ತದೆ.

ಗಾಲ್ವೆಸ್ಟನ್ನಿನ ಕಥೆಯಲ್ಲೂ ಹೀಗೆ ಮಾಡಬಹುದು. ಅನಾಥಾಲಯದಲ್ಲಿ ಒಬ್ಬ ಹುಡುಗಿ ಇದ್ದಳು, ಅವಳಿಗೊಬ್ಬ ತಮ್ಮನಿದ್ದ, ಅವಳು ಬಟ್ಟೆ ಒಣಗಿಸಲು ದಿನವೂ ಸಿಸ್ಟರ್‌ಗೆ ನೆರವಾಗುತ್ತಿದ್ದಳು ಎಂದು ಕಲ್ಪಿಸಿಕೊಳ್ಳಲು ಅಡ್ಡಿಯಿಲ್ಲ. ಆಗ ಆ ಹಗ್ಗ ಕಥೆಯ ಕೊನೆಗೆ ಎಲ್ಲಿಂದಲೋ ಬಂದು ಬೀಳುವುದಿಲ್ಲ. ಮಗುವಿಗೆ ಅದು ಮೊದಲೇ ಪರಿಚಿತ. ಆದರೆ ಅಂದು ಸತ್ತವರನ್ನು ಕಥೆಯಲ್ಲಿ ಬದುಕಿಸಲು ನಮಗೆ ಅಧಿಕಾರವಿಲ್ಲ. 90 ಮಕ್ಕಳು ತೀರಿಕೊಂಡದ್ದನ್ನು ಮುಚ್ಚಿಟ್ಟು ಮೂವರು ಉಳಿದದ್ದನ್ನು ಮಾತ್ರ ಹೇಳುವುದು ಆ ಮಕ್ಕಳಿಗೆ ಮಾಡುವ ಅನ್ಯಾಯ.

ಮೂರು ಸುಲಭದ ಉತ್ತರಗಳು

ಮಕ್ಕಳ ಪ್ರಶ್ನೆಗೆ ನಾವು ಆತುರದಿಂದ ಕೊಡುವ ಉತ್ತರಗಳು ಸಾಮಾನ್ಯವಾಗಿ ಮೂರು.

ಮೊದಲನೆಯದು: "ಚೆನ್ನಾಗಿ ಪ್ರಾರ್ಥಿಸಿದವರು ಉಳಿದರು." ಹಾಗಾದರೆ ಹತ್ತು ಮಂದಿ ಭಗಿನಿಯರು ಚೆನ್ನಾಗಿ ಪ್ರಾರ್ಥಿಸಲಿಲ್ಲವೇ? ಅಂದು ಗಾಲ್ವೆಸ್ಟನ್ನಿನ ಸಂತ ಮರಿಯಮ್ಮನವರ ಪ್ರಧಾನಾಲಯವೂ ಅದರ ಗೋಪುರದ ಮೇಲಿದ್ದ ಸಮುದ್ರತಾರೆ ಮಾತೆಯ ಪ್ರತಿಮೆಯೂ ಉಳಿದವು. ಅದೇ ಊರಿನ ಯೇಸುವಿನ ಪವಿತ್ರ ಹೃದಯದ ದೇವಾಲಯ ನೆಲಸಮವಾಯಿತು. ಉಳಿದದ್ದನ್ನು ಪವಾಡ ಎನ್ನುವವರು ಬಿದ್ದದ್ದಕ್ಕೂ ಉತ್ತರ ಹೇಳಬೇಕಾಗುತ್ತದೆ.

ಇದು ನಮಗೂ ಹತ್ತಿರದ ಮಾತು. 2004ರ ಡಿಸೆಂಬರ್ 26ರಂದು, ಕ್ರಿಸ್ಮಸ್ಸಿನ ಮರುದಿನ, ಸುನಾಮಿ ಅಲೆಗಳು ವೇಳಾಂಕಣ್ಣಿಯ ತೀರಕ್ಕೂ ಅಪ್ಪಳಿಸಿದವು. ಅಮ್ಮನ ದೇವಾಲಯದೊಳಗೆ ನೀರು ನುಗ್ಗಲಿಲ್ಲ ಎಂದು ನಾವೆಲ್ಲ ಕೃತಜ್ಞತೆಯಿಂದ ನೆನೆಯುತ್ತೇವೆ. ಆದರೆ ಕಡಲತೀರದಲ್ಲಿದ್ದ ಎಷ್ಟೋ ಯಾತ್ರಿಕರು ಹಿಂದಿರುಗಲಿಲ್ಲ. ನಾಗಪಟ್ಟಣಂ ಜಿಲ್ಲೆಯಲ್ಲೇ ಸತ್ತವರು 6,000ಕ್ಕೂ ಹೆಚ್ಚು. ತೀರಿಕೊಂಡ ಯಾತ್ರಿಕರೂ ಅಮ್ಮನ ಮಕ್ಕಳೇ. ಅವರ ಮನೆಯವರು ಕುಳಿತು ಕೇಳಬಹುದಾದ ರೀತಿಯಲ್ಲಿ ನಾವು ಆ ದಿನದ ಕಥೆಯನ್ನು ಹೇಳಬೇಕು.

ಎರಡನೆಯದು: "ಪಾಪಕ್ಕೆ ಶಿಕ್ಷೆ." ಸಿಲೋವಾಂ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತ ಸುದ್ದಿಯನ್ನು ಯೇಸುಸ್ವಾಮಿಯೇ ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಪ್ರಸ್ತಾಪಿಸುತ್ತಾರೆ. ಸತ್ತವರು ಇತರರಿಗಿಂತ ಹೆಚ್ಚು ಪಾಪಿಗಳೆಂಬ ಎಣಿಕೆಯನ್ನು ಅವರು ತಳ್ಳಿಹಾಕುತ್ತಾರೆ. ಕೇಳುತ್ತಿದ್ದವರು ತಮ್ಮ ಮನಸ್ಸನ್ನು ತಿದ್ದಿಕೊಳ್ಳುವಂತೆ ಹೇಳುತ್ತಾರೆ. ಸ್ವಾಮಿಯೇ ತಳ್ಳಿಹಾಕಿದ ಮಾತನ್ನು ನಾವು ಮಕ್ಕಳಿಗೆ ಕಲಿಸಬಾರದು.

ಮೂರನೆಯದು: "ದೇವರಿಗೆ ಹೂಗಳು ಬೇಕಾಗಿದ್ದವು, ಕಿತ್ತುಕೊಂಡರು." ಸಮಾಧಾನಕ್ಕಾಗಿ ಹೇಳುವ ಮಾತು ನಿಜ. ಆದರೆ ಮಗು ಇದನ್ನು ಹಾಗೆಯೇ ನಂಬುತ್ತದೆ. ಮುಂದೆ ಬೇಕಾದದ್ದನ್ನು ಕಿತ್ತುಕೊಳ್ಳುವ ದೇವರಿಗೆ ಅದು ಹೆದರುತ್ತದೆ. ಅಂಥ ದೇವರನ್ನು ತಂದೆಯೇ ಎಂದು ಕರೆಯಲು ಅದಕ್ಕೆ ಬಾಯಿ ಬರುವುದಿಲ್ಲ.

ಎಚ್ಚರಿಕೆಯ ಮಾತನ್ನು ಕೇಳದ ಕಿವಿಗಳು

ದೇವರ ಮೇಲೆ ಹೊರಿಸುವ ಮೊದಲು ಮನುಷ್ಯರ ಪಾಲನ್ನೂ ಮಕ್ಕಳಿಗೆ ಹೇಳಬೇಕು. ಗಾಲ್ವೆಸ್ಟನ್ನಿನ ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಒಂಬತ್ತು ಅಡಿಗಿಂತ ಕಡಿಮೆ. ಅಂದು ಏರಿ ಬಂದ ನೀರು 15 ಅಡಿಗೂ ಹೆಚ್ಚು. ಆದರೂ ತಡೆಗೋಡೆ ಇರಲಿಲ್ಲ. ಅಲ್ಲಿನ ಹವಾಮಾನ ಅಧಿಕಾರಿ ಐಸಾಕ್ ಕ್ಲೈನ್ 1891ರಲ್ಲಿಯೇ ಪತ್ರಿಕೆಯಲ್ಲಿ ಬರೆದು, ದೊಡ್ಡ ಬಿರುಗಾಳಿಯಿಂದ ಊರಿಗೆ ಅಪಾಯವೆಂಬುದು ಬರಿಯ ಭ್ರಮೆ ಎಂದಿದ್ದರು. ಆ ರಾತ್ರಿ ಅವರೂ ತಮ್ಮ ಪತ್ನಿಯನ್ನು ಕಳೆದುಕೊಂಡರು.

ಇನ್ನೊಂದು ಸಂಗತಿ ನಮ್ಮ ಮಕ್ಕಳು ಅವಶ್ಯವಾಗಿ ತಿಳಿಯಬೇಕಾದದ್ದು. ಕ್ಯೂಬಾದ ಹವಾನಾ ನಗರದಲ್ಲಿ ಯೇಸುಸಭೆಯ ಗುರುಗಳ ಬೆಲೆನ್ ವೀಕ್ಷಣಾಲಯವಿತ್ತು. 1870ರಿಂದ 1893ರವರೆಗೆ ಅದರ ಮುಖ್ಯಸ್ಥರಾಗಿದ್ದ ಫಾದರ್ ಬೆನಿತೊ ವಿನ್ಯೆಸ್ ಮೋಡಗಳ ಚಲನೆಯನ್ನು ನೋಡಿ ಚಂಡಮಾರುತದ ದಾರಿಯನ್ನು ಊಹಿಸುವ ವಿಧಾನವನ್ನು ರೂಪಿಸಿದ್ದರು. 1900ರಲ್ಲಿ ಬಿರುಗಾಳಿ ಕ್ಯೂಬಾವನ್ನು ದಾಟಿದಾಗ ಅದು ಟೆಕ್ಸಾಸಿನ ಕಡೆಗೆ ಸಾಗುತ್ತಿದೆ ಎಂಬುದು ಹವಾನಾದವರ ಅಭಿಪ್ರಾಯ. ಅಮೆರಿಕದ ಹವಾಮಾನ ಇಲಾಖೆ ಅವರ ಮಾತಿಗೆ ಬೆಲೆ ಕೊಡಲಿಲ್ಲ. ಅವರ ಹವಾಮಾನ ತಂತಿಸಂದೇಶಗಳನ್ನೇ ತಡೆದಿತ್ತು. ಗಾಳಿ ಉತ್ತರಕ್ಕೆ, ಫ್ಲೋರಿಡಾದ ಕಡೆಗೆ ತಿರುಗುತ್ತದೆಂದು ಅದು ನಂಬಿತ್ತು. ದೇವರು ಕೊಟ್ಟ ಬುದ್ಧಿಯಿಂದ ಆಕಾಶವನ್ನು ಓದುವುದೂ ಪರಸೇವೆಯೇ ಎಂದು ಮಕ್ಕಳು ಇದರಿಂದ ಕಲಿಯಲಿ.

ಹಬ್ಬದ ಶುಭಸಂದೇಶ ಕೊಡುವ ಉತ್ತರ

ಹಾಗಾದರೆ ಅಮ್ಮ ಯಾಕೆ ಕಾಪಾಡಲಿಲ್ಲ? ಜನನೋತ್ಸವದ ದಿನ ಬಲಿಪೂಜೆಯಲ್ಲಿ ಮತ್ತಾಯನ ಶುಭಸಂದೇಶದ ಮೊದಲನೆಯ ಅಧ್ಯಾಯವನ್ನು ಓದುತ್ತೇವೆ. ಅಬ್ರಹಾಮನಿಂದ ಆರಂಭಿಸಿ ಹೆಸರುಗಳ ಉದ್ದನೆಯ ಪಟ್ಟಿ. ಮಕ್ಕಳಿಗೆ ಅದು ಬೇಸರ. ಆದರೆ ಆ ವಾಚನ ಬಂದು ನಿಲ್ಲುವುದು ಒಂದು ಹೆಸರಿನಲ್ಲಿ: ಇಮ್ಮಾನುಯೇಲ್, ಅಂದರೆ ನಮ್ಮ ಜೊತೆಗಿರುವ ದೇವರು. ಮರಿಯಮ್ಮನವರು ಹುಟ್ಟಿದ್ದು ಈ ಹೆಸರಿನವರಿಗೆ ತಾಯಿಯಾಗಲೆಂದೇ. ಆ ಹೆಸರು ನಮಗೆ ಕೊಡುವ ವಾಗ್ದಾನ ದೇವರ ಸಂಗ. ಬಿರುಗಾಳಿಯೇ ಬಾರದು ಎಂಬ ವಾಗ್ದಾನ ಅದರಲ್ಲಿಲ್ಲ. ಅಮ್ಮ ತನ್ನ ಸ್ವಂತ ಮಗನನ್ನು ಶಿಲುಬೆಯಿಂದ ಇಳಿಸಿಕೊಳ್ಳಲಾಗಲಿಲ್ಲ. ಆದರೆ ಶಿಲುಬೆಯ ಬುಡವನ್ನು ಬಿಟ್ಟು ಹೋಗಲಿಲ್ಲ.

ಸಿಸ್ಟರ್ ಎಲಿಜಬೆತ್ ಅವರಿಗೆ ಆಸ್ಪತ್ರೆಯಲ್ಲೇ ಉಳಿಯುವ ಅವಕಾಶವಿತ್ತು. ಯಾರೂ ಅವರನ್ನು ದೂರುತ್ತಿರಲಿಲ್ಲ. ಮಕ್ಕಳ ಊಟದ ಚಿಂತೆ ಅವರನ್ನು ವಾಪಸು ಕರೆದೊಯ್ಯಿತು. ಉಳಿದ ಒಂಬತ್ತು ಮಂದಿಯೂ ಹಗ್ಗವನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡಾಗ ಅದರ ಅರ್ಥ ಅವರಿಗೆ ತಿಳಿದಿತ್ತು: ಇನ್ನು ಮಕ್ಕಳಿಗೆ ಏನಾಗುತ್ತದೋ ನನಗೂ ಅದೇ. ಆ ಹಗ್ಗ ಮಕ್ಕಳನ್ನು ನೀರಿನಿಂದ ಪಾರುಮಾಡಲಿಲ್ಲ ಎಂಬುದು ದುಃಖದ ಸತ್ಯ. ಆದರೆ ತಂದೆತಾಯಿ ಇಲ್ಲದ ಆ ಮಕ್ಕಳಲ್ಲಿ ಒಬ್ಬರನ್ನೂ ಅವರು ಕೈಬಿಡಲಿಲ್ಲ. ದೇವರು ಆ ರಾತ್ರಿ ಎಲ್ಲಿದ್ದರು ಎಂದು ಮಗು ಕೇಳಿದರೆ, ಆ ಹಗ್ಗದ ಗಂಟಿನಲ್ಲಿದ್ದರು ಎಂದು ನಾವು ಹೇಳಬಹುದು. ಅವರೆಲ್ಲರನ್ನೂ ಪುನರುತ್ಥಾನರಾದ ಪ್ರಭು ತಮ್ಮ ಬಳಿಗೆ ಬರಮಾಡಿಕೊಂಡಿದ್ದಾರೆ ಎಂಬುದು ನಮ್ಮ ನಿರೀಕ್ಷೆ. ಇದಕ್ಕಿಂತ ಹೆಚ್ಚಿನದು ನಮಗೆ ಗೊತ್ತಿಲ್ಲದಿದ್ದರೆ, ಗೊತ್ತಿಲ್ಲ ಎಂದು ಮಗುವಿಗೆ ಹೇಳುವುದರಲ್ಲಿ ತಪ್ಪಿಲ್ಲ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ

ಉಳಿದ ಭಗಿನಿಯರು 1901ರಲ್ಲಿ ಹೊಸ ಅನಾಥಾಲಯ ತೆರೆದರು. ನಗರದವರು 1902ರಲ್ಲಿ ಕಟ್ಟಲಾರಂಭಿಸಿದ 17 ಅಡಿ ಎತ್ತರದ ತಡೆಗೋಡೆಯ ಮೊದಲ ಭಾಗ 1904ರಲ್ಲಿ ಮುಗಿಯಿತು. ಮನೆಗಳನ್ನು ಎತ್ತಿ, ಮರಳು ತುಂಬಿ, ಊರಿನ ನೆಲವನ್ನೇ ಎತ್ತರಿಸಿದರು. 1915ರಲ್ಲಿ ಪುನಃ ಭಾರೀ ಚಂಡಮಾರುತ ಬಂದಾಗ ಗೋಡೆಯ ಹಿಂದಿದ್ದ ಊರಿನಲ್ಲಿ ಸಾವು ಬಹಳ ಕಡಿಮೆ. ಅನಾಥಾಲಯವಿದ್ದ ತೀರದಲ್ಲಿ 1994ರ ಸೆಪ್ಟೆಂಬರ್ 8ರಂದು ಸ್ಮಾರಕ ಫಲಕ ಇಡಲಾಯಿತು. ಆ ಸಭೆಯ ಭಗಿನಿಯರು ಪ್ರತಿ ವರ್ಷ ಆ ದಿನ ಅದೇ ಹಾಡನ್ನು ಹಾಡುತ್ತಾರೆ.

ತಂದೆತಾಯಿಯರಿಗೂ ಧರ್ಮೋಪದೇಶಕರಿಗೂ ಕೆಲವು ಸಲಹೆಗಳು. ತೀರಾ ಚಿಕ್ಕವರಿಗೆ ಸಿಸ್ಟರ್ ಎಲಿಜಬೆತ್ ಅವರ ಗಾಡಿಯ ಕಥೆ ಸಾಕು; ಪೂರ್ತಿ ಕಥೆ ಹತ್ತು ವರ್ಷ ದಾಟಿದವರಿಗೆ ಇರಲಿ. ಮಲಗುವ ಹೊತ್ತಿನಲ್ಲಿ ಹೇಳಬೇಡಿ. ಹಗಲಿನಲ್ಲಿ, ಪ್ರಶ್ನೆ ಕೇಳಲು ಸಮಯವಿರುವಾಗ ಹೇಳಿ. ಸಾವಿನ ವರ್ಣನೆ ಬೇಡ, ಸಾವಿನ ಸುದ್ದಿಯನ್ನು ಮರೆಮಾಚುವುದೂ ಬೇಡ. ಮೂವರು ಹುಡುಗರು, ಹೊಸ ಅನಾಥಾಲಯ, ತಡೆಗೋಡೆ, ಇಷ್ಟನ್ನೂ ಹೇಳಿದ ಮೇಲೆಯೇ ನಿಲ್ಲಿಸಿ. ಮಗು ಅತ್ತರೆ ಅಳಲು ಬಿಡಿ. ಆಮೇಲೆ ಜೊತೆಗೆ ಕುಳಿತು ತೀರಿಕೊಂಡವರಿಗಾಗಿ ಒಂದು ನಮೋ ಮರಿಯಾ ಹೇಳಿ. ನೆರೆ ಅಥವಾ ಭೂಕುಸಿತದಲ್ಲಿ ಮನೆ ಕಳೆದುಕೊಂಡವರು ನಿಮ್ಮ ಧರ್ಮಕೇಂದ್ರದಲ್ಲಿದ್ದರೆ, ಮಗುವಿನ ಕೈಯಿಂದಲೇ ಅವರಿಗೆ ಏನಾದರೂ ಕೊಡಿಸಿ.

ಈ ಹಬ್ಬದಂದು ನಮ್ಮ ಮಕ್ಕಳು ಅಮ್ಮನಿಗೆ ಹೂ ಅರ್ಪಿಸುವಾಗ ಗಾಲ್ವೆಸ್ಟನ್ನಿನ ಆ 90 ಮಕ್ಕಳಿಗಾಗಿಯೂ ಒಂದು ಹೂ ಇಡಲಿ. ಅಲೆಗಳ ನಡುವೆ ಮಕ್ಕಳನ್ನು ಕೈಬಿಡದ ಆ ಭಗಿನಿಯರ ಮನಸ್ಸನ್ನು ನಮಗೂ ದಯಪಾಲಿಸುವಂತೆ ಮಾತೆ ಮರಿಯಮ್ಮನವರು ತಮ್ಮ ಪುತ್ರನಲ್ಲಿ ನಮಗಾಗಿ ಬೇಡಿಕೊಳ್ಳಲಿ. ಆಮೆನ್.