ಮುಂಗಡಕ್ಕೆ ಮುನ್ನ ಮೀಟರಿನ ಮುಚ್ಚಳ ಎತ್ತಿ

ಹೈದರಾಬಾದಿನಲ್ಲಿ ಹಳೆಯ ಫ್ಲಾಟ್ ಕೊಳ್ಳಲು ಹೊರಟವರು ವಾಸ್ತು ನೋಡುತ್ತಾರೆ, ಟೈಲ್ಸ್ ತಟ್ಟುತ್ತಾರೆ, ಬಾಲ್ಕನಿಯಲ್ಲಿ ನಿಂತು ಗಾಳಿ ಹೇಗೆ ಬರುತ್ತದೆಂದು ಪರೀಕ್ಷಿಸುತ್ತಾರೆ. ಕಾಂಪೌಂಡಿನ ಮೂಲೆಯ ಗುಂಡಿಯಲ್ಲಿ ಧೂಳು ಮೆತ್ತಿಕೊಂಡು ಕೂತ ನೀರಿನ ಮೀಟರಿನತ್ತ ಬಗ್ಗುವವರು ಕಡಿಮೆ.

ಅದರ ಹೊಟ್ಟೆಯಲ್ಲಿರುವುದು ರೆಕ್ಕೆಗಳುಳ್ಳ ಪುಟ್ಟ ಚಕ್ರ. ಸುತ್ತಲಿನ ಓರೆ ರಂಧ್ರಗಳಿಂದ ನುಗ್ಗುವ ನೀರು ರೆಕ್ಕೆಗೆ ಬಡಿದು ಅದನ್ನು ತಿರುಗಿಸುತ್ತದೆ. ಈಗಿನ ಮೀಟರುಗಳಲ್ಲಿ ಲೆಕ್ಕ ಬರೆಯುವ ಭಾಗಕ್ಕೆ ನೀರು ಸೋಕುವುದೇ ಇಲ್ಲ. ಚಕ್ರದ ನೆತ್ತಿಯ ಅಯಸ್ಕಾಂತ, ಗೋಡೆಯಾಚೆಯ ಇನ್ನೊಂದು ಅಯಸ್ಕಾಂತವನ್ನು ಜೊತೆಗೆ ಸುತ್ತಿಸುತ್ತದೆ. ಅಲ್ಲಿಂದ ಮುಂದೆ ಹಲ್ಲುಚಕ್ರಗಳ ಸಾಲು, ಒಂದು ಹತ್ತು ಸುತ್ತಿದರೆ ಮುಂದಿನದು ಒಂದು ಸುತ್ತು. ಮುಖದ ಮೇಲೆ ಕಾಣುವ ನಕ್ಷತ್ರದಂಥ ಬಿಲ್ಲೆ ಈ ಸಾಲಿನ ಆರಂಭದಲ್ಲೇ ಇರುವುದರಿಂದ ತೆಳ್ಳನೆಯ ಹರಿವಿಗೂ ಅಲುಗುತ್ತದೆ. ತೊಟ್ಟಿಕ್ಕುವ ನೀರಿಗೆ ಮಾತ್ರ ಜಗ್ಗದು, ಚಕ್ರದ ಘರ್ಷಣೆಯನ್ನು ಮೀರುವ ಬಲ ಹನಿಗಳಿಗಿಲ್ಲ.

ಎಲ್ಲ ಮುಚ್ಚಿ ನಕ್ಷತ್ರ ನೋಡಿ ಎನ್ನುವುದು ಎಲ್ಲ ಊರಿನ ಪ್ಲಂಬರುಗಳ ಸಲಹೆ. ಹೈದರಾಬಾದಿನಲ್ಲಿ ಅದಕ್ಕೊಂದು ತಿದ್ದುಪಡಿ ಬೇಕು. ಇಲ್ಲಿ ಜಲಮಂಡಳಿಯ ನೀರು ಬಹಳ ಕಡೆ ದಿನ ಬಿಟ್ಟು ದಿನ, ಗೊತ್ತಾದ ಹೊತ್ತಿಗೆ ಬರುತ್ತದೆ. ಬಾರದ ಹೊತ್ತಿನಲ್ಲಿ ನಕ್ಷತ್ರ ಸುಮ್ಮನಿದ್ದರೆ ಏನೂ ಸಾಬೀತಾಗದು. ನೀರು ಬಿಟ್ಟ ಮೊದಲ ನಿಮಿಷಗಳಲ್ಲೋ, ಕೊಳವೆಯೊಳಗಿನ ಗಾಳಿಯೇ ಚಕ್ರ ಸುತ್ತಿಸಿಬಿಡುತ್ತದೆ. ಹಾಗಾಗಿ ನೀರಿನ ಸರದಿ ಕೇಳಿಕೊಂಡು ಹೋಗಿ. ಹರಿವು ನೆಲೆಗೊಂಡ ಮೇಲೆ ಸಂಪಿನ ವಾಲ್ವ್ ಮುಚ್ಚಿಸಿ ಹತ್ತು ನಿಮಿಷ ಕಾಯಿರಿ. ಆಗಲೂ ನಕ್ಷತ್ರ ತಿರುಗಿದರೆ ನಡುವೆ ಎಲ್ಲೋ ನೆಲ ನೀರು ಕುಡಿಯುತ್ತಿದೆ.

ಸಂಪಿನಿಂದಾಚೆಗೆ ಈ ಮೀಟರಿಗೆ ಕಣ್ಣಿಲ್ಲ. ಅಲ್ಲಿಂದ ನೀರು ಪಂಪಿನ ಬಲದಿಂದ ತಾರಸಿ ಹತ್ತಿ, ತನ್ನ ತೂಕದಿಂದಲೇ ನಲ್ಲಿಗೆ ಇಳಿಯುತ್ತದೆ. 10 ಮೀಟರ್ ಎತ್ತರದ ನೀರು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1 ಕಿಲೋ ಭಾರ ಹಾಕುತ್ತದೆ. ಟ್ಯಾಂಕ್ ಮೂರೇ ಮೀಟರ್ ಮೇಲಿದ್ದರೆ ಸಿಗುವುದು 300 ಗ್ರಾಂ. ಮೇಲ್ಮಹಡಿಯ ಷವರ್ ಸೊರಗುವುದು ಇದಕ್ಕೇ. ಕೆಳಮಹಡಿಯಲ್ಲೂ ನೀರು ಸಣ್ಣಗೆ ಬಂದರೆ ವಾಲ್ವ್ ಪೂರ್ತಿ ತೆರೆದಿದೆಯೇ ನೋಡಿ, ಆಮೇಲೆ ಕೊಳವೆಯನ್ನೇ ಅನುಮಾನಿಸಿ. ಗ್ರಾನೈಟ್ ಸೀಳುಗಳಿಂದ ಎತ್ತಿದ ಇಲ್ಲಿನ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಹಳೆಯ ಜಿಐ ಕೊಳವೆಯಾದರೆ ಸುಣ್ಣವೂ ತುಕ್ಕೂ ಸೇರಿ ಒಳದಾರಿಯನ್ನು ಕಿರಿದಾಗಿಸುತ್ತವೆ. ನಲ್ಲಿ ಮುಚ್ಚಿದಾಗ ಒತ್ತಡಮಾಪಕ ಇದನ್ನು ಹೇಳುವುದಿಲ್ಲ, ನಿಂತ ನೀರಿನ ಒತ್ತಡ ಎತ್ತರವನ್ನಷ್ಟೇ ಬಲ್ಲದು. ಎರಡು ಮೂರು ನಲ್ಲಿ ಒಟ್ಟಿಗೆ ತೆರೆದಾಗ ಮುಳ್ಳು ಧೊಪ್ಪನೆ ಬಿದ್ದರೆ ರೋಗ ಬಯಲು.

ಫ್ಲಶ್ ಟ್ಯಾಂಕಿಗೆ ಒಂದಿಷ್ಟು ಬಣ್ಣ ಹಾಕಿ. ಒತ್ತದೆಯೇ ಬಣ್ಣ ಕೆಳಗಿಳಿದರೆ ಸೋರಿಕೆ ಇದೆ.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಈ ನಗರವನ್ನು ನುಂಗಿದ ಮೇಲೆ ನಿಜಾಮರು ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರು ಸೂಚಿಸಿದ ಜಲಾಶಯಗಳು ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳಾಗಿ ಮೇಲೆದ್ದವು. ಆದರೆ ಊರಿಂದ ಹೊರಹೋಗುವ ಕೊಳಚೆಗೂ ಅವರು ಒಳಚರಂಡಿ ಯೋಜನೆ ರೂಪಿಸಿದ್ದರು. ಮನೆ ನೋಡುವಾಗ ನಾವು ಮರೆಯುವುದು ಈ ಎರಡನೆಯದನ್ನೇ. ಬಚ್ಚಲುಗಳಿಗೆಲ್ಲ ಏಕಕಾಲಕ್ಕೆ ಬಕೆಟ್ ನೀರು ಸುರಿಯಿರಿ. ಒಂದರಲ್ಲಿ ಸುರಿದದ್ದು ಇನ್ನೊಂದರಲ್ಲಿ ಗುಳುಗುಳು ಎಂದರೆ ಮುಖ್ಯ ಕೊಳವೆ ಕಟ್ಟಿದೆಯೋ ಎಂದು ಪ್ಲಂಬರನ್ನು ಕರೆಸಿ ಕೇಳಿ.

ಹಾಗೆಯೇ ಮಾರುವವರಿಂದ ಹಳೆಯ ನೀರಿನ ಬಿಲ್ಲುಗಳನ್ನು ಪಡೆದು, ಬಾಕಿ ಎಷ್ಟಿದೆ, ಮೀಟರ್ ಓಡುತ್ತಿದೆಯೇ ನೋಡಿ. 2021ರ ಜನವರಿಯಲ್ಲಿ ಇಲ್ಲಿ ಶುರುವಾದ ತಿಂಗಳಿಗೆ 20,000 ಲೀಟರ್ ಉಚಿತ ನೀರಿನ ಯೋಜನೆಗೆ ಹಾಕಿದ ಷರತ್ತೇ ಓಡುವ ಮೀಟರ್.