ಪ್ರಿಯೊರಾಟ್ ಕೆಂಪು ವೈನ್: ಸವಿಯುವ ಕ್ರಮ ಮತ್ತು ಮಾರುಕಟ್ಟೆಯ ಪಾಠ

ಅಲ್ಪ ಪ್ರಮಾಣದಲ್ಲಿ ಉತ್ಪಾದನೆಯಾಗುವ, ವೆಚ್ಚವೂ ಅಧಿಕವಾಗಿರುವ ಸರಕನ್ನು ಮಾರುಕಟ್ಟೆಯಲ್ಲಿ ಉಳಿಸಿಕೊಳ್ಳುವುದು ಹೇಗೆಂಬುದು ಸಣ್ಣ ಉತ್ಪಾದಕರೆಲ್ಲರನ್ನೂ ಕಾಡುವ ಪ್ರಶ್ನೆ. ಸ್ಪೇನ್ ದೇಶದ ಈಶಾನ್ಯಕ್ಕಿರುವ ಕ್ಯಾಟಲೋನಿಯಾದ ಬೆಟ್ಟಗಾಡು ಪ್ರಿಯೊರಾಟ್ ಈ ಪ್ರಶ್ನೆಯನ್ನು ಎದುರಿಸಿದ ರೀತಿ ಗಮನಾರ್ಹವಾದುದು.

12ನೇ ಶತಮಾನದಲ್ಲಿ ಸ್ಕಾಲಾ ದೇಯಿ ಎಂಬಲ್ಲಿ ಮಠವನ್ನು ಸ್ಥಾಪಿಸಿದ ಕಾರ್ಥೂಸಿಯನ್ ಸನ್ಯಾಸಿಗಳು ಇಲ್ಲಿ ದ್ರಾಕ್ಷಿ ಕೃಷಿಯನ್ನು ಬೆಳೆಸಿದರು. 19ನೇ ಶತಮಾನದ ಅಂತ್ಯದಲ್ಲಿ ಫಿಲೊಕ್ಸೆರಾ ಕೀಟದ ಹಾವಳಿಯಿಂದ ತೋಟಗಳು ನಾಶವಾಗಿ, ಹಳ್ಳಿಗಳು ಬರಿದಾಗತೊಡಗಿದವು. ಮುಂದೆ ಬಹುಕಾಲ ಇಲ್ಲಿನ ವೈನ್ ಸಗಟು ರೂಪದಲ್ಲಿ ಅಗ್ಗದ ಬೆಲೆಗೆ ಮಾರಾಟವಾಗುತ್ತಿತ್ತು. 1989ರ ಬೆಳೆಯಿಂದ ಪರಿಸ್ಥಿತಿ ಬದಲಾಯಿತು. ಗ್ರಾಟಾಯೋಪ್ಸ್ ಗ್ರಾಮದಲ್ಲಿ ರೆನೆ ಬಾರ್ಬಿಯೆ, ಆಲ್ವಾರೊ ಪಲಾಸಿಯೊಸ್ ಮೊದಲಾದವರು ಒಟ್ಟಾಗಿ ವೈನ್ ತಯಾರಿಸಿ, ತಮ್ಮ ತಮ್ಮ ಹೆಸರಿನ ಬಾಟಲಿಗಳಲ್ಲಿ ಮಾರಾಟಕ್ಕಿಟ್ಟರು. ಕ್ಯಾಟಲನ್ ಸರ್ಕಾರವು 2000ದಲ್ಲಿ ನೀಡಿದ ಅತ್ಯುನ್ನತ ಮೂಲಸ್ಥಾನ ಮಾನ್ಯತೆಗೆ 2009ರಲ್ಲಿ ಸ್ಪೇನ್ ಸರ್ಕಾರದ ಒಪ್ಪಿಗೆಯೂ ದೊರೆಯಿತು. ಸ್ಪೇನಿನಲ್ಲಿ ಈ ಮನ್ನಣೆಯನ್ನು ಇದಕ್ಕೆ ಮೊದಲು, 1991ರಲ್ಲಿ, ಪಡೆದುದು ರಿಯೋಹಾ ಪ್ರದೇಶ.

ನೆಲದ ಗುಣ

ಇಲ್ಲಿನ ಭೂಮಿ ಲಿಕೊರೆಲ್ಯ ಎಂದು ಕರೆಯಲಾಗುವ, ಪದರಪದರವಾಗಿ ಒಡೆಯುವ ಕಪ್ಪು ಕಲ್ಲಿನಿಂದ ಕೂಡಿದೆ. ನೀರನ್ನರಸಿ ಬಳ್ಳಿಯ ಬೇರುಗಳು ಕಲ್ಲಿನ ಸಂದುಗಳಲ್ಲಿ ಆಳಕ್ಕಿಳಿಯುತ್ತವೆ. ಕಡಿದಾದ ಇಳಿಜಾರುಗಳಲ್ಲಿ ಯಂತ್ರಗಳ ಬಳಕೆ ಕಷ್ಟಸಾಧ್ಯವಾದುದರಿಂದ ಹೆಚ್ಚಿನ ಕೆಲಸ ಕೈಯಿಂದಲೇ ನಡೆಯಬೇಕು. ಗಾರ್ನಾಚಾ ಮತ್ತು ಕರಿನ್ಯೇನಾ ಇಲ್ಲಿನ ಮುಖ್ಯ ತಳಿಗಳು. ಹಳೆಯ ಬಳ್ಳಿಯೊಂದರಿಂದ ಅನೇಕ ವೇಳೆ ಒಂದು ಬಾಟಲಿಗೆ ಸಾಲುವಷ್ಟು ಹಣ್ಣೂ ದೊರೆಯುವುದಿಲ್ಲ. ಆದರೆ ದೊರೆತ ಹಣ್ಣಿನಲ್ಲಿ ವರ್ಣ, ಸಕ್ಕರೆ, ಒಗರುಗಳು ಸಾಂದ್ರವಾಗಿರುತ್ತವೆ. ವೈನಿನ ಮದ್ಯಸಾರ ಶೇ. 14ರಿಂದ 15ರಷ್ಟಿರುವುದು ಸಾಮಾನ್ಯ.

ಸವಿಯುವ ಕ್ರಮ

ಇಂತಹ ಪ್ರಬಲ ವೈನನ್ನು 16ರಿಂದ 18 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನೀಡುವುದು ಸೂಕ್ತ. ಉಷ್ಣತೆ ಹೆಚ್ಚಿದರೆ ಮದ್ಯಸಾರದ ಘಾಟು ಮುಂದಾಗುತ್ತದೆ. ತೀರ ತಣ್ಣಗಾದರೆ ಒಗರು ಕಟುವಾಗುತ್ತದೆ. ಎಳೆಯ ವೈನನ್ನು ಅಗಲವಾದ ಗಾಜಿನ ಪಾತ್ರೆಗೆ ಸುರಿದು ಸುಮಾರು ಒಂದು ಗಂಟೆ ಗಾಳಿಗೆ ಬಿಟ್ಟಲ್ಲಿ ಪರಿಮಳ ಅರಳುತ್ತದೆ. ಮೊದಲು ಬಣ್ಣವನ್ನು ನೋಡಿ, ಬಳಿಕ ಲೋಟವನ್ನು ಮೆಲ್ಲನೆ ತಿರುಗಿಸಿ ಆಘ್ರಾಣಿಸಿ, ಅನಂತರ ಸಣ್ಣ ಗುಟುಕನ್ನು ಬಾಯಲ್ಲಿ ಹರಡಿಕೊಳ್ಳಬೇಕು. ಮಾಗಿದ ಕಪ್ಪು ಹಣ್ಣು, ಒಣ ಮೂಲಿಕೆಗಳು ಹಾಗೂ ಬಿಸಿಲಿಗೆ ಕಾದ ಕಲ್ಲಿನ ಛಾಯೆಗಳನ್ನು ಪರಿಣತರು ಇದರಲ್ಲಿ ಗುರುತಿಸುತ್ತಾರೆ.

ಭೋಜನದ ಜೊತೆ

ವೈನಿನ ಒಗರಿಗೆ ಕಾರಣವಾದ ಟ್ಯಾನಿನ್ ಪ್ರೋಟೀನಿನೊಂದಿಗೆ ಬೆರೆಯುವ ಗುಣವುಳ್ಳದ್ದು. ಆದುದರಿಂದಲೇ ಸುಟ್ಟ ಕುರಿಮಾಂಸ, ನಿಧಾನವಾಗಿ ಬೇಯಿಸಿದ ಕಾಡುಹಂದಿಯ ಖಾದ್ಯ, ಚೆನ್ನಾಗಿ ಹಳತಾದ ಮಾಂಚೇಗೊ ಗಿಣ್ಣು ಇವುಗಳ ಜೊತೆ ಒಗರು ಮೃದುವಾಗುತ್ತದೆ. ಮಾಂಸಾಹಾರಿಗಳಲ್ಲದವರಿಗೆ ಕೆಂಡದ ಮೇಲೆ ಸುಟ್ಟ ಬದನೆ ಅಥವಾ ಅಣಬೆ ಹೊಂದುತ್ತದೆ. ಎಣ್ಣೆಯಂಶವುಳ್ಳ ಮೀನಿನೊಡನೆ ಲೋಹದ ರುಚಿ ಉಂಟಾಗಬಹುದು. ಅತಿ ಖಾರದ ಪದಾರ್ಥಗಳೊಡನೆ ಮದ್ಯಸಾರವು ಉರಿಯನ್ನು ಮತ್ತಷ್ಟು ಹೆಚ್ಚಿಸುವುದರಿಂದ ಮೆಣಸಿನಕಾಯಿ ಧಾರಾಳವಾಗಿರುವ ನಮ್ಮ ಅಡುಗೆಗೆ ಇದು ತಕ್ಕ ಜೊತೆಯಲ್ಲ. ಹೋಟೆಲ್ ಹಾಗೂ ವೈನ್ ವಹಿವಾಟಿನಲ್ಲಿರುವವರು ಇದನ್ನು ಗ್ರಾಹಕರಿಗೆ ಮುಂಚಿತವಾಗಿಯೇ ತಿಳಿಸುವುದು ಒಳ್ಳೆಯದು. ತಪ್ಪು ಭೋಜನದ ಜೊತೆ ಸೇವಿಸಿದವರು ದೂರುವುದು ವೈನನ್ನೇ ಹೊರತು ಜೋಡಣೆಯನ್ನಲ್ಲ.

ಪ್ರಿಯೊರಾಟಿನ ಬೆಳೆಗಾರರು ಇಳುವರಿಯಲ್ಲಿ ಬಯಲುಸೀಮೆಯ ತೋಟಗಳೊಡನೆ ಸ್ಪರ್ಧಿಸಲು ಸಾಧ್ಯವಿರಲಿಲ್ಲ. ಕಡಿಮೆ ಇಳುವರಿಯ ಕಾರಣವನ್ನೂ ಸವಿಯುವ ಕ್ರಮವನ್ನೂ ಕೊಳ್ಳುವವರಿಗೆ ತಿಳಿಯಪಡಿಸಿದ ನಂತರವೇ ತಕ್ಕ ಬೆಲೆ ದೊರೆಯಿತು. ಯಾವುದೇ ವಿಶಿಷ್ಟ ಸರಕಿನ ಉತ್ಪಾದಕರಿಗೂ ಅನ್ವಯಿಸುವ ಮಾತಿದು.